ಕಿರಣ ಬಿದ್ದದ್ದು ಒಂದಕ್ಕೆ, ಕರಗಿದ್ದು ಹಲವು!

ಕ್ಯಾನ್ಸರ್ ಮೈತುಂಬ ಹರಡಿದೆ. ಡಾಕ್ಟರು ರೇಡಿಯೇಷನ್ ಕೊಟ್ಟದ್ದು ಲಿವರ್‌ನಲ್ಲಿದ್ದ ಒಂದೇ ಒಂದು ಗಡ್ಡೆಗೆ. ಕೆಲವು ತಿಂಗಳ ಬಳಿಕ ಸ್ಕ್ಯಾನ್ ಮಾಡಿ ನೋಡಿದರೆ, ಕಿರಣ ಸೋಕದೇ ಇದ್ದ ಗಡ್ಡೆಗಳೂ ಕರಗಿವೆ! ನ್ಯೂಯಾರ್ಕಿನ ವೈದ್ಯರು 2013ರಲ್ಲಿ ವರದಿ ಮಾಡಿದ ಶ್ವಾಸಕೋಶದ ಕ್ಯಾನ್ಸರ್ ರೋಗಿಯೊಬ್ಬರ ಕಥೆ ಇದು. ಅವರಿಗೆ ರೇಡಿಯೇಷನ್ ಜೊತೆಗೇ ಇಪಿಲಿಮುಮಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನೂ ಕೊಟ್ಟಿದ್ದರು. ಈ ‘ಅಬ್‌ಸ್ಕೋಪಲ್’ ಪರಿಣಾಮಕ್ಕೆ ಆರ್. ಎಚ್. ಮೋಲ್ 1953ರಷ್ಟು ಹಿಂದೆಯೇ ಹೆಸರಿಟ್ಟಿದ್ದರು. ಆದರೆ ಬರೀ ರೇಡಿಯೇಷನ್‌ನಿಂದ ಅದು ಕಾಣಿಸಿಕೊಳ್ಳುತ್ತಿದ್ದದ್ದು ಎಲ್ಲೋ ಅಪರೂಪಕ್ಕೆ.

ಒಳಗೆ ನಡೆಯುವುದಂತೂ ಇನ್ನೂ ಬೆರಗು! ಕಿರಣದ ಹೊಡೆತಕ್ಕೆ ಗಡ್ಡೆಯ ಕೋಶಗಳ ಡಿಎನ್‌ಎ ತುಂಡಾಗುತ್ತದೆ. ಸಾಯುವ ಕೋಶಗಳು ಅಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಪ್ರೋಟೀನುಗಳನ್ನು ಹೊರಚೆಲ್ಲುತ್ತವೆ. ದೇಹದ ರಕ್ಷಣಾ ಪಡೆಯ ಡೆಂಡ್ರಿಟಿಕ್ ಕೋಶಗಳು ಅವನ್ನು ಹೊತ್ತು ದುಗ್ಧಗ್ರಂಥಿಗೆ ಹೋಗಿ ಟಿ-ಕೋಶಗಳಿಗೆ ಶತ್ರುವಿನ ಗುರುತು ಹೇಳಿಕೊಡುತ್ತವೆ. ಆ ಗುರುತು ಹಿಡಿದ ಟಿ-ಕೋಶಗಳು ರಕ್ತದಲ್ಲಿ ಮೈಯೆಲ್ಲ ಅಲೆದು, ಬೇರೆಡೆ ಅಡಗಿದ ಗಡ್ಡೆಗಳನ್ನೂ ಹುಡುಕಿ ಹೊಡೆಯಬಲ್ಲವು. ಕ್ಯಾನ್ಸರ್ ಅವಕ್ಕೆ ಬ್ರೇಕ್ ಒತ್ತಿ ಹಿಡಿದಿರುತ್ತದೆ, ಅದನ್ನು ಬಿಡಿಸುವುದೇ ಇಮ್ಯುನೋಥೆರಪಿ. ಈ ಬ್ರೇಕಿನ ಗುಟ್ಟು ಬಿಡಿಸಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು.

ಒಬ್ಬ ರೋಗಿಯ ಅದೃಷ್ಟ ಎಲ್ಲರ ಚಿಕಿತ್ಸೆಯಾದೀತೇ? ನೆದರ್‌ಲೆಂಡ್ಸ್ ಮತ್ತು ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದ ಎರಡು ಪ್ರಯೋಗಗಳ 148 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ 2021ರಲ್ಲಿ ಬಂತು. ಪೆಂಬ್ರೋಲಿಜುಮಾಬ್ ಎಂಬ ಇಮ್ಯುನೋಥೆರಪಿ ಔಷಧ ಮಾತ್ರ ಪಡೆದವರಲ್ಲಿ ಶೇ. 19.7 ಮಂದಿಯ ಗಡ್ಡೆಗಳು ಗಣನೀಯವಾಗಿ ಕುಗ್ಗಿದ್ದವು. ರೇಡಿಯೇಷನ್ ಸೇರಿದಾಗ, ಕಿರಣ ಬೀಳದ ಗಡ್ಡೆಗಳನ್ನಷ್ಟೇ ಲೆಕ್ಕ ಹಿಡಿದರೂ, ಶೇ. 41.7! ಬದುಕುಳಿದ ಅವಧಿಯ ಮಧ್ಯಾಂಕ 8.7 ತಿಂಗಳಿಂದ 19.2 ತಿಂಗಳಿಗೆ ಏರಿತು. ಒಂದು ಮನೆಯ ಪಾಲಿಗೆ ಆ ಹತ್ತು ತಿಂಗಳು ಎಂದರೆ ಎಷ್ಟು ದೊಡ್ಡದು!

ಆದರೆ ಇಮ್ಯುನೋಥೆರಪಿ ಆಗಲೇ ಕೈಕೊಟ್ಟಿದ್ದ ರೋಗಿಗಳ ಮೇಲೆ ಬೇರೆ ಔಷಧಗಳೊಂದಿಗೆ ನಡೆದ ಪ್ರಯೋಗದಲ್ಲಿ ರೇಡಿಯೇಷನ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ ಎಂದು 2022ರ ವರದಿ ಹೇಳಿತು. ಎಷ್ಟು ಡೋಸ್, ಯಾವ ಗಡ್ಡೆಗೆ, ಔಷಧಕ್ಕೆ ಮುಂಚೆಯೋ ಜೊತೆಗೋ ಎಂಬುದೆಲ್ಲ ಇನ್ನೂ ಇತ್ಯರ್ಥವಾಗಬೇಕಿದೆ. ಹಾಗಾಗಿ ನಿಮ್ಮವರಿಗೆ ಈ ಕಾಯಿಲೆ ಇದ್ದರೆ, ಇಮ್ಯುನೋಥೆರಪಿ ಶುರುವಾಗುವ ಮುನ್ನವೇ ಡಾಕ್ಟರನ್ನು ಕೇಳಿ: ರೇಡಿಯೇಷನ್ ಜೊತೆಗೂಡಿಸುವ ಪ್ರಯೋಗ ಎಲ್ಲಾದರೂ ನಡೆಯುತ್ತಿದೆಯೇ, ಅದಕ್ಕೆ ನಮ್ಮವರು ಸೇರಬಹುದೇ?