ಬೀಸುವ ಕಲ್ಲಿನಿಂದ ಅಂಗೈಯ ಫೋನಿನವರೆಗೆ

ಭತ್ತದ ಸೀಮೆಯಾದ ಹಾನಗಲ್ಲಿನ ಹಳ್ಳಿಗಳಲ್ಲಿ ಎಂಬತ್ತು ದಾಟಿದ ಅಜ್ಜಿಯರನ್ನು, ತಮ್ಮ ಕಾಲದಲ್ಲಿ ಬಂದ ಯಂತ್ರಗಳಲ್ಲಿ ಯಾವುದು ದೊಡ್ಡದೆಂದು ಮೊಮ್ಮಕ್ಕಳು ಕೇಳಿ ನೋಡಬೇಕು. ಉತ್ತರ ಮೊಬೈಲ್ ಆಗಿರಬೇಕೆಂದೇನಿಲ್ಲ. ನಸುಕಿನಲ್ಲೆದ್ದು ಬೀಸುವ ಕಲ್ಲು ತಿರುವಿದ, ಒನಕೆ ಹಿಡಿದು ಭತ್ತ ಕುಟ್ಟಿದ ತೋಳುಗಳಿಗೆ ಬಿಡುವು ತಂದುಕೊಟ್ಟದ್ದು ಗಿರಣಿ. ಅದರ ಮುಂದೆ ಉಳಿದದ್ದೆಲ್ಲ ಚಿಕ್ಕದೆಂದರೆ ತಪ್ಪಾಗಲಾರದು.

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ರೇಡಿಯೋ ಇದ್ದ ಮನೆಯೇ ಓಣಿಗೆಲ್ಲ ಚಾವಡಿ. ದೂರದ ತುರ್ತು ಸುದ್ದಿಗೆ ಮಾತ್ರ ತಂತಿಯೇ ಗತಿ. ತಂತಿ ಬಂದಿತೆಂದರೆ, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು! ಆ ಸೇವೆ 2013ರ ಜುಲೈಯಲ್ಲಿ ನಿಂತಿತು. ಇಂದು ಪರದೇಶದ ಮೊಮ್ಮಗನ ಮುಖವೇ ಅಂಗೈಯಲ್ಲಿ ಮೂಡುತ್ತದೆ. ಆದರೆ ಅಕ್ಷರವರಿಯದ ಅಜ್ಜಿ ಆ ಮುಖ ಕಾಣಲು ಇನ್ನೊಬ್ಬರ ಬೆರಳಿಗಾಗಿ ಕಾಯಬೇಕು.

ಪೋಪ್ ಫ್ರಾನ್ಸಿಸ್ ಅವರು 2024ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಕೃತಕ ಬುದ್ಧಿಮತ್ತೆಯ ಜೊತೆಗೇ ಹೃದಯದ ವಿವೇಕದ ಮಾತನ್ನೂ ಎತ್ತಿದ್ದರು. ಕನ್ನಡ ಕೇಳಿಸಿಕೊಳ್ಳುವ ಫೋನುಗಳೇನೋ ಬಂದಿವೆ. ಇನ್ನು ಬರಬೇಕಾದುದು ಹಲ್ಲುದುರಿದ ಬಾಯಿಯ ಹಾನಗಲ್ ಕನ್ನಡವನ್ನೂ ಅರಿಯುವ ಯಂತ್ರ. “ನಮ್ಮ ಮೊಮ್ಮಗಗ ಹಚ್ಚಿಕೊಡಪಾ” ಎಂದೊಡನೆ ಹಚ್ಚಿಕೊಡುವಂಥದು. ಜೊತೆಗೆ, ಮಂದವಾದ ಕಿವಿಗೆ ಕೂಲಿಯವರ ಕೈಗೆಟುಕುವ ಬೆಲೆಯ ಶ್ರವಣ ಸಾಧನವೊಂದು.