ಹೂಮರವಾದ ಹುಡುಗಿ ಮರಳಿ ಬಾರದ ಕಥೆ

ಬಡ ಮುದುಕಿಯ ಕಿರಿಮಗಳಿಗೆ ಹೂಮರವಾಗುವ ವಿದ್ಯೆ ಗೊತ್ತು. ಅಕ್ಕ ಒಂದು ಬಿಂದಿಗೆ ನೀರು ಸುರಿದರೆ ತಂಗಿ ಮರವಾಗುತ್ತಾಳೆ. ಉಗುರು ತಾಗಿಸದೆ, ಎಲೆ ಕೀಳದೆ, ಟೊಂಗೆ ಮುರಿಯದೆ ಹೂ ಬಿಡಿಸಿಕೊಂಡು ಎರಡನೆಯ ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಮನೆ ನಡೆಯುತ್ತದೆ. ಕನ್ನಡದ ಅಜ್ಜಿಯರು ಮಕ್ಕಳಿಗೆ ಹೇಳುತ್ತ ಬಂದ ಈ ಕಥೆ ಲೋಕಕ್ಕೆಲ್ಲ ಪರಿಚಯವಾದದ್ದು ಎ.ಕೆ. ರಾಮಾನುಜನ್ ಅವರಿಂದ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗಲೇ ಜನಪದ ಕಥೆಗಳನ್ನು ಕೂಡಿಹಾಕಲು ತೊಡಗಿದ್ದ ಅವರು, ಮುಂದೆ ಇಂಗ್ಲಿಷ್‌ನಲ್ಲಿ ಇದನ್ನು ಪ್ರಕಟಿಸಿದರು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಇದನ್ನೇ ಗೀತನಾಟಕವಾಗಿಸಿದರು.

ಅದಕ್ಕೂ ಮೊದಲೇ, 1992ರಲ್ಲಿ, ಗಿರೀಶ ಕಾರ್ನಾಡರು 'ಚೆಲುವಿ' ಎಂಬ ಹಿಂದಿ ಚಿತ್ರ ತೆಗೆದಿದ್ದರು. ಸೋನಾಲಿ ಕುಲಕರ್ಣಿ ಚೆಲುವಿ. ಛಾಯಾಗ್ರಹಣ ರಾಜೀವ್ ಮೆನನ್ ಅವರದು. ಚಿತ್ರ ಕಣ್ಣಿಗೆ ಹಬ್ಬ. ನೋಡುವ ಮಕ್ಕಳು ಹುಡುಗಿ ಮರವಾಗುವುದನ್ನು ಬಾಯಿ ತೆರೆದು ನೋಡುತ್ತಾರೆ; ಕೊನೆಯ ಭಾಗ ಬಂದಾಗ ಅದೇ ಮಕ್ಕಳು ಸುಮ್ಮನಾಗುತ್ತಾರೆ. ಐದಾರು ವರ್ಷದವರಿಗೆ ರಾತ್ರಿ ಮಲಗುವ ಮುನ್ನ ತೋರಿಸುವ ಚಿತ್ರ ಇದಲ್ಲ ಎಂಬುದನ್ನು ತಾಯ್ತಂದೆಯರು ಗಮನಿಸಬೇಕು.

ಕಾರಣವಿದೆ. ಅಜ್ಜಿಯ ಕಥೆಯಲ್ಲೂ ಕತ್ತಲೆ ಕಡಿಮೆಯಿಲ್ಲ. ನಾದಿನಿ ತನ್ನ ಗೆಳತಿಯರೊಡನೆ ಬಲವಂತದಿಂದ ಅವಳನ್ನು ಮರವಾಗಿಸಿ, ಟೊಂಗೆಗಳನ್ನು ಮುರಿದು, ನೀರನ್ನು ಸರಿಯಾಗಿ ಸುರಿಯದೆ ಓಡಿಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಬೀಳುತ್ತಾಳೆ. ಆದರೆ ಕೊನೆಗೆ ಗಂಡ ಸಿಗುತ್ತಾನೆ. ಮತ್ತೆ ಮರವಾದ ಅವಳ ಮುರಿದ ಟೊಂಗೆಗಳನ್ನು ಎತ್ತಿ ಜೋಡಿಸಿ ನೀರು ಸುರಿದಾಗ ಅವಳು ಮೊದಲಿನಂತಾಗುತ್ತಾಳೆ. ಕೇಳುವ ಮಗು ನಿದ್ದೆ ಹೋಗುತ್ತದೆ.

ಕಾರ್ನಾಡರು ಈ ಸಮಾಧಾನವನ್ನು ಕಿತ್ತುಕೊಂಡರು. ಚಿತ್ರದಲ್ಲಿ ಗಂಡ ಟೊಂಗೆ ಹುಡುಕಿ ಕಾಡಿಗೆ ಓಡುತ್ತಾನೆ, ಆದರೆ ಅಲ್ಲಿ ಮರಗಳಿಗೇ ಕೊಡಲಿ ಬಿದ್ದಿದೆ. ಚೆಲುವಿ ಮುಂಡವಾಗಿಯೇ ಉಳಿಯುತ್ತಾಳೆ. ಅಜ್ಜಿಯ ಕಥೆಯಲ್ಲಿ ತಪ್ಪು ನಾದಿನಿಯದು, ಚಿತ್ರದಲ್ಲಿ ಅದು ಊರಿನದು. ಪರಿಸರ ರಕ್ಷಣೆ ಕುರಿತ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಮಕ್ಕಳ ಕಥೆಯನ್ನು ಹೀಗೆ ಕೆಡಿಸಬಹುದೇ ಎಂದು ಕೇಳುವವರಿದ್ದಾರೆ. ಹಾವೇರಿ ಸೀಮೆಯವರಿಗೆ ಈ ಪ್ರಶ್ನೆಗೆ ಬೇರೆ ಉತ್ತರ ಹೊಳೆದೀತು. ಚಿತ್ರ ಬರುವ ಐದು ವರ್ಷ ಮೊದಲು, 1987ರ ನವೆಂಬರ್ 14ರಂದು (ಅದು ಮಕ್ಕಳ ದಿನಾಚರಣೆ!), ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆಗ ಇದೆಲ್ಲ ಧಾರವಾಡ ಜಿಲ್ಲೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳು ಬೇಕಿತ್ತು. ಅದಕ್ಕಾಗಿ ಸರಕಾರದ ಪಾಲುದಾರಿಕೆಯಲ್ಲಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪೆನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಗಾಂವಠಾಣ, ಗೋಮಾಳದಂಥ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಯುವ ಯೋಜನೆ ಅದು. ದನಕ್ಕೆ ಮೇವು, ಒಲೆಗೆ ಸೌದೆ ತರುತ್ತಿದ್ದ ಹೆಣ್ಣುಮಕ್ಕಳಿಗೆ ಆ ನೆಲ ದೂರವಾಗುವಂತಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದಾಗಿ, ಶಿವರಾಮ ಕಾರಂತರೂ ಅರ್ಜಿದಾರರಾಗಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 1990ರ ದಶಕದ ಆರಂಭದಲ್ಲಿ ಕಂಪೆನಿ ಬಾಗಿಲು ಹಾಕಿತು.

'ಚೆಲುವಿ' ಕುಸನೂರಿನ ಕಥೆ ಹೇಳುವುದಿಲ್ಲ. ಆದರೂ ಎರಡು ಬಿಂದಿಗೆ ನೀರಿನ ಲೆಕ್ಕ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೈಲಿನಲ್ಲಿ ಹಾವೇರಿ, ಬ್ಯಾಡಗಿ ದಾಟಿ ರಾಣೆಬೆನ್ನೂರಿನಲ್ಲಿ ಇಳಿದರೆ, ಊರಿಗೆ ಹತ್ತಿರದಲ್ಲೇ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯವಿದೆ. ಅದರ ದೊಡ್ಡ ಭಾಗದಲ್ಲಿ ನಿಂತಿರುವುದು ನೀಲಗಿರಿಯ ತೋಪು. ಆ ಮರಗಳ ಹೂವನ್ನು ಯಾರೂ ಮಾಲೆ ಕಟ್ಟಿ ಮಾರುವುದಿಲ್ಲ.