ಚಿತ್ರದಲ್ಲಿದ್ದ ಕಾಲುವೆ ಎಲ್ಲಿ ಹೋಯಿತು?

ಮಕ್ಕಳೇ, ಗಣಕಯಂತ್ರದ ಪರದೆಯ ಮೇಲೆ ಯಾವುದಾದರೂ ಛಾಯಾಚಿತ್ರವನ್ನು ತುಂಬ ಹಿಗ್ಗಿಸಿ ನೋಡಿ. ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಇವೇ ಪಿಕ್ಸೆಲ್‌ಗಳು. ಒಂದು ಚೌಕಕ್ಕೆ ಒಂದೇ ಬಣ್ಣ. ಅಡ್ಡಕ್ಕೆ 3000, ಉದ್ದಕ್ಕೆ 2000 ಪಿಕ್ಸೆಲ್ ಇರುವ ಚಿತ್ರದಲ್ಲಿ ಒಟ್ಟು 60 ಲಕ್ಷ ಚೌಕಗಳಿರುತ್ತವೆ.

ಇಷ್ಟು ದೊಡ್ಡ ಚಿತ್ರ ಬೇಡವೆಂದಾಗ ಎರಡು ದಾರಿಗಳಿವೆ. ಒಂದು, ಬೇಕಾದ ಭಾಗವನ್ನಷ್ಟೇ ಕತ್ತರಿಸಿಕೊಳ್ಳುವುದು. ತಂತ್ರಾಂಶಗಳಲ್ಲಿ ಇದಕ್ಕೆ ಕ್ರಾಪ್ ಎನ್ನುತ್ತಾರೆ. ಕತ್ತರಿಸಿಕೊಂಡ ಭಾಗದ ಪಿಕ್ಸೆಲ್‌ಗಳು ಇದ್ದ ಹಾಗೆಯೇ ಇರುತ್ತವೆ. ಇನ್ನೊಂದು, ಇಡೀ ಚಿತ್ರವನ್ನು ಕುಗ್ಗಿಸುವುದು. ನಾಲ್ಕು ಅಡ್ಡಸಾಲಿಗೆ ಒಂದು, ನಾಲ್ಕು ಕಂಬಸಾಲಿಗೆ ಒಂದು ಎಂದು ಆರಿಸಿಕೊಂಡರೆ 750×500 ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ. ಅಂದರೆ ಹದಿನಾರರಲ್ಲಿ ಒಂದು ಪಾಲು ಮಾತ್ರ. ಬಿಟ್ಟುಹೋದ ಹದಿನೈದು ಪಾಲಿನಲ್ಲಿ ಏನಿತ್ತು?

ಇದನ್ನು ತಿಳಿಯಲು ಗಣಕಯಂತ್ರವೇ ಬೇಕೆಂದಿಲ್ಲ, ಚೌಕಳಿ ಹಾಳೆ ಸಾಕು. 20×20 ಚೌಕಗಳನ್ನು ಗುರುತು ಮಾಡಿ. 6ನೆಯ ಕಂಬಸಾಲಿಗೆ ಪೂರ್ತಿ ಕಪ್ಪು ಬಳಿಯಿರಿ. ಇದು ಕಾಲುವೆ ಎಂದುಕೊಳ್ಳಿ. ಈಗ 1, 3, 5, 7 ಹೀಗೆ ಬೆಸ ಸಂಖ್ಯೆಯ ಸಾಲುಗಳನ್ನಷ್ಟೇ ಇನ್ನೊಂದು ಹಾಳೆಗೆ ಇಳಿಸಿ. ಕಾಲುವೆ ಮಾಯ! ಅದೇ ಕಾಲುವೆ 7ನೆಯ ಸಾಲಿನಲ್ಲಿದ್ದರೆ ಉಳಿಯುತ್ತದೆ, ಆದರೆ ಎರಡು ಪಟ್ಟು ಅಗಲವಾದಂತೆ ತೋರುತ್ತದೆ. ಏಕೆಂದರೆ ಹೊಸ ಹಾಳೆಯ ಒಂದು ಚೌಕ ಹಳೆಯ ಎರಡು ಸಾಲಿನ ಅಗಲಕ್ಕೆ ಸಮ.

ಸಾಲು ಬಿಡುವ ಬದಲು ಅಕ್ಕಪಕ್ಕದ ನಾಲ್ಕು ಚೌಕಗಳ ಸರಾಸರಿ ಬಣ್ಣ ತೆಗೆದುಕೊಂಡರೆ? ಕಪ್ಪು ಬಿಳುಪು ಬೆರೆತು ಕಾಲುವೆ ಬೂದು ಬಣ್ಣಕ್ಕೆ ತಿರುಗುತ್ತದೆ. ಮಸುಕಾದರೂ ಕಾಣೆಯಾಗುವುದಿಲ್ಲ. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಚಿತ್ರ ಕುಗ್ಗಿಸುವಾಗ ಇಂಟರ್‌ಪೊಲೇಷನ್ ಎಂಬ ಆಯ್ಕೆ ಕೇಳುತ್ತದೆ. ಅಲ್ಲಿ ‘ನನ್’ ಎಂದು ಕೊಟ್ಟರೆ ಪಿಕ್ಸೆಲ್ ಆರಿಸುವ ಮೊದಲ ವಿಧಾನ. ‘ಲೀನಿಯರ್’, ‘ಕ್ಯೂಬಿಕ್’ ಕೊಟ್ಟರೆ ನೆರೆಯ ಪಿಕ್ಸೆಲ್‌ಗಳನ್ನು ಬೆರೆಸುವ ವಿಧಾನ.

ಉಪಗ್ರಹ ಚಿತ್ರಗಳಲ್ಲಿ ಈ ವ್ಯತ್ಯಾಸ ಬರೀ ಅಂದಚೆಂದದ ವಿಷಯವಲ್ಲ. ಇಸ್ರೋ 2003ರ ಅಕ್ಟೋಬರ್ 17ರಂದು ಹಾರಿಸಿದ ರಿಸೋರ್ಸ್‌ಸ್ಯಾಟ್-1 ಉಪಗ್ರಹದಲ್ಲಿ ಲಿಸ್-4 ಎಂಬ ಕ್ಯಾಮೆರಾ ಇತ್ತು. ಅದರ ಒಂದು ಪಿಕ್ಸೆಲ್ ನೆಲದ ಮೇಲಿನ 5.8 ಮೀಟರ್ ಉದ್ದ, 5.8 ಮೀಟರ್ ಅಗಲದ ಜಾಗಕ್ಕೆ ಸಮ. ಅಂದರೆ 33.64 ಚದರ ಮೀಟರ್. ಅಂಥ ಚಿತ್ರದಲ್ಲಿ ಒಂದು ಕೆರೆಯ ನೀರು 10,000 ಪಿಕ್ಸೆಲ್ ತುಂಬಿದೆ ಎಂದುಕೊಳ್ಳೋಣ. ವಿಸ್ತೀರ್ಣ 3,36,400 ಚದರ ಮೀಟರ್, ಸುಮಾರು 83 ಎಕರೆ.

ಕೆರೆಯ ಭಾಗವನ್ನು ಕತ್ತರಿಸಿಕೊಂಡು ಎಣಿಸಿದರೂ ಉತ್ತರ ಅಷ್ಟೇ. ಆದರೆ ಎರಡು ಸಾಲಿಗೊಂದರಂತೆ ಕುಗ್ಗಿಸಿದ ಚಿತ್ರದಲ್ಲಿ ನೀರಿನ ಪಿಕ್ಸೆಲ್‌ಗಳು ಸುಮಾರು 2,500. ಪ್ರತಿಯೊಂದೂ ಈಗ ನಾಲ್ಕು ಪಟ್ಟು ನೆಲಕ್ಕೆ ಸಮ. ಇದನ್ನು ಮರೆತು ಹಳೆಯ 33.64ರಿಂದಲೇ ಗುಣಿಸಿದರೆ ಕೆರೆ 21 ಎಕರೆಗೆ ಇಳಿಯುತ್ತದೆ, ಯಾರೂ ಒತ್ತುವರಿ ಮಾಡದೆಯೇ! ಆದ್ದರಿಂದ ಎಷ್ಟು ಸಾಲಿಗೊಂದು ತೆಗೆದುಕೊಂಡೆವು, ಕತ್ತರಿಸಿದ ಭಾಗ ಮೂಲಚಿತ್ರದ ಎಷ್ಟನೆಯ ಸಾಲಿನಿಂದ ಆರಂಭವಾಯಿತು ಎಂಬುದನ್ನು ಜೊತೆಯಲ್ಲೇ ಬರೆದಿಡಬೇಕು. ಕುಗ್ಗಿಸಿದ ಚಿತ್ರವನ್ನು ಬೇರೆ ಹೆಸರಿನಲ್ಲಿ ಉಳಿಸಬೇಕು. ಮತ್ತೆ ಹಿಗ್ಗಿಸಿದರೆ ಚೌಕಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಹೋದ ವಿವರ ಮರಳುವುದಿಲ್ಲ.

ಈಗ ನಿಮಗೊಂದು ಕೆಲಸ. ಹೊಸ ಚೌಕಳಿ ಹಾಳೆಯಲ್ಲಿ ಒಂದು ಕಪ್ಪು, ಒಂದು ಬಿಳಿ ಎಂದು ಕಂಬಸಾಲುಗಳಿಗೆ ಬಣ್ಣ ತುಂಬಿ. ಮೊದಲ ಸಾಲಿನಿಂದ ಆರಂಭಿಸಿ ಮೂರಕ್ಕೊಂದು ಸಾಲು ಆರಿಸಿ: 1, 4, 7, 10. ಮತ್ತೆ ಕಪ್ಪು ಬಿಳಿ ಪಟ್ಟೆಗಳೇ ಬರುತ್ತವೆ, ಆದರೆ ಮೂಲದಲ್ಲಿ ಇಲ್ಲವೇ ಇಲ್ಲದ ಮೂರು ಪಟ್ಟು ದಪ್ಪದ ಪಟ್ಟೆಗಳು. ಪಟ್ಟೆ ಸೀರೆ, ಹೆಂಚಿನ ಮಾಡುಗಳ ಚಿತ್ರ ಕುಗ್ಗಿಸಿದಾಗ ವಿಚಿತ್ರ ಗೆರೆಗಳು ಮೂಡುವುದೂ ಹೀಗೆಯೇ. ನಾಲ್ಕಕ್ಕೊಂದು, ಐದಕ್ಕೊಂದು ಆರಿಸಿದರೆ ಏನಾಗುತ್ತದೆ? ಮೊದಲು ಊಹಿಸಿ, ಆಮೇಲೆ ಬಣ್ಣ ತುಂಬಿ ನೋಡಿ.